ಹುಳಹುಪ್ಪಟೆಗಳೂ ಪಾಠವಾಗಲಿ

ಮೃಗಶಿರಾ ಮಳೆ ಕರಿಮಣ್ಣನ್ನು ತೋಯಿಸಿದ ಬೆನ್ನಿಗೇ ನಮ್ಮ ಜಿಲ್ಲೆಯ ಹೊಲಗಳಲ್ಲಿ ಕೆಂಪು ಮಖಮಲ್ಲಿನ ತುಣುಕಿನಂತಹ ಪುಟ್ಟ ಜೀವಿಯೊಂದು ಕಾಣಿಸಿಕೊಳ್ಳುತ್ತದೆ. ನಮ್ಮ ಜನ ಅದನ್ನು ಮಿರಗದ ಹುಳ ಎನ್ನುತ್ತಾರೆ. ಶಾಲೆಗಳು ಪುನರಾರಂಭವಾಗಿ ಆಗಿನ್ನೂ ಕೆಲವೇ ದಿನಗಳಾಗಿರುತ್ತವೆ. ತಿಕೋಟಾ, ಬಬಲೇಶ್ವರ ಭಾಗದ ಮಗುವೊಂದು ಆ ಹುಳವನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ತರಗತಿಗೆ ಬಂದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಆ ಪೊಟ್ಟಣವನ್ನು ಹೊರಗೆಸೆಯಲು ಹೇಳಿ, ಮರುಗಳಿಗೆಯಲ್ಲೇ ಪುಸ್ತಕದೊಳಗಿನ ಕೀಟದ ಚಿತ್ರ ತೋರಿಸಿ ಪಾಠ ಮಾಡುವ ರೂಢಿಯೇ ಅಚ್ಚರಿಯ ಸಂಗತಿ.

ಹೊರಗೆಸೆಯುವ ಬದಲು ಆ ಜೀವಿಯನ್ನು ಗಾಜಿನ ಬಟ್ಟಲಿನಲ್ಲಿಟ್ಟು ಮಕ್ಕಳ ಕೈಗೆ ಒಂದು ಭೂತಗನ್ನಡಿ ಕೊಟ್ಟರೆ ಏನಾದೀತು? ಮಕ್ಕಳು ಕಾಲುಗಳನ್ನು ಎಣಿಸುತ್ತಾರೆ. ಕೀಟಕ್ಕೆ ಆರು ಕಾಲು, ಇದಕ್ಕಾದರೋ ಎಂಟು. ಹಾಗಾದರೆ ಇದು ಇರುವೆಯ ಬಳಗವಲ್ಲ, ಜೇಡದ ಬಳಗ ಎಂಬ ತಿಳಿವಳಿಕೆ ಬಾಯಿಪಾಠವಿಲ್ಲದೆ ಒದಗುತ್ತದೆ. ಎಣಿಕೆ, ಹೋಲಿಕೆ, ಪ್ರಶ್ನೆ ಇವು ಮೂರೂ ಒಂದೇ ಗಳಿಗೆಯಲ್ಲಿ ನಡೆದುಹೋಗುತ್ತವೆ. ಪಾಠ ಮುಗಿದ ಮೇಲೆ ಹುಳವನ್ನು ಸಿಕ್ಕಿದಲ್ಲಿಯೇ ಬಿಟ್ಟು ಬರುವುದು ಆ ದಿನದ ಕೊನೆಯ ಪಾಠ.

ಇದೆಲ್ಲ ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ನಮ್ಮದು ದ್ರಾಕ್ಷಿಯ ನಾಡು. ದ್ರಾಕ್ಷಿ ಬಳ್ಳಿಯನ್ನು ಕಾಡುವ ಹಿಟ್ಟು ತಿಗಣೆಯನ್ನು ಅರಿಯದ ಬೆಳೆಗಾರನಿಲ್ಲ. ಆ ತಿಗಣೆಯನ್ನು ತಿಂದು ಬದುಕುವ ಕ್ರಿಪ್ಟೊಲೇಮಸ್ ಎಂಬ ಗುಲಗಂಜಿ ಹುಳು 1898ರಲ್ಲಿ ಆಸ್ಟ್ರೇಲಿಯದಿಂದ ಭಾರತಕ್ಕೆ ಬಂದಿತು; ಇಂದಿಗೂ ಅದನ್ನು ಸಾಕಿ ತೋಟಗಳಲ್ಲಿ ಬಿಡುವ ಪದ್ಧತಿಯಿದೆ. ಆದರೆ ಅದರ ಮರಿಹುಳುವಿನ ಮೈಮೇಲೂ ತಿಗಣೆಯಂತೆಯೇ ಬಿಳಿಯ ಮೇಣದ ಹೊದಿಕೆ. ನೋಡಿ ತಿಳಿಯದವನು ಮಿತ್ರನನ್ನೇ ಶತ್ರುವೆಂದು ಹೊಸಕಿಬಿಡುತ್ತಾನೆ. ಔಷಧ ಸಿಂಪಡಿಸಿದರೆ ಇಬ್ಬರೂ ಸಾಯುತ್ತಾರೆ. ಇಂದು ತರಗತಿಯಲ್ಲಿ ಕುಳಿತಿರುವ ಆರು ವರ್ಷದ ಮಗುವೇ ನಾಳೆ ಈ ತೋಟಗಳ ಒಡೆಯ. ಅದು ಗುರುತು ಹಿಡಿಯುವ ಕಣ್ಣು ಪಡೆಯದೆ ಬೆಳೆದರೆ ಅದರ ಬೆಲೆಯನ್ನು ತೆರುವುದು ನಮ್ಮ ಮಣ್ಣು, ನಮ್ಮ ನೀರು.

ಎಚ್ಚರವೂ ಇರಬೇಕು. ಕಲ್ಲಿನಡಿ ಚೇಳು, ಜರಿಗಳಿರುವ ನೆಲ ನಮ್ಮದು. ಬರಿಗೈಯಿಂದ ಕಲ್ಲೆತ್ತಬಾರದು, ಕಂಬಳಿಹುಳು, ಕಣಜಗಳನ್ನು ಮುಟ್ಟಬಾರದು, ಔಷಧ ಹೊಡೆದ ತೋಟದೊಳಗೆ ಕಾಲಿಡಬಾರದು, ನೋಡಿ ಮುಗಿದೊಡನೆ ಕೈ ತೊಳೆಯಬೇಕು. ಚೇಳು ಕುಟುಕಿದರೆ ಮಂತ್ರದವರ ಮನೆಗಲ್ಲ, ನೇರವಾಗಿ ಆಸ್ಪತ್ರೆಗೆ ಹೋಗಬೇಕೆಂಬುದನ್ನೂ ಈ ಪಾಠದೊಂದಿಗೇ ಹೇಳಿಕೊಡಬೇಕು. ಕುರುಡು ಭಯ ಮಗುವನ್ನು ಕಾಯಲಾರದು. ಅಪಾಯ ಯಾವುದು, ನಿರಪಾಯ ಯಾವುದು ಎಂಬ ವಿವೇಕವೇ ಕಾಯುವುದು.

ಕ್ರೈಸ್ತ ಕುಟುಂಬಗಳಿಗೆ ಈ ಪಾಠ ಹೊಸದೇನಲ್ಲ. ಪವಿತ್ರ ಗ್ರಂಥದ ಜ್ಞಾನೋಕ್ತಿಗಳು 6ನೆಯ ಅಧ್ಯಾಯದಲ್ಲಿ ಸೋಮಾರಿಗೆ ಇರುವೆಯನ್ನೇ ಗುರುವಾಗಿ ತೋರಿಸುತ್ತವೆ. 30ನೆಯ ಅಧ್ಯಾಯದಲ್ಲಿ ಇರುವೆಗೂ ಮಿಡತೆಗೂ ಜಾಣರ ಸಾಲಿನಲ್ಲಿ ಸ್ಥಾನ ಕೊಡುತ್ತವೆ. ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ವಿಶ್ವಪತ್ರದ 34ನೆಯ ಪರಿಚ್ಛೇದದಲ್ಲಿ, ಕಣ್ಣಿಗೆ ಬೀಳುವ ಪ್ರಾಣಿಪಕ್ಷಿಗಳ ಅಳಿವಿಗೆ ಮರುಗುವ ನಮಗೆ ಹುಳು, ಕೀಟ, ಶಿಲೀಂಧ್ರಗಳ ಅಗತ್ಯವನ್ನೂ ನೆನಪಿಸಿದರು. ಸೃಷ್ಟಿಕರ್ತನನ್ನು ಸ್ತುತಿಸುವ ನಾಲಿಗೆಯೇ ಆತನ ಸೃಷ್ಟಿಯನ್ನು ಕಂಡು ‘ಛೀ’ ಎನ್ನುವುದು ಎಷ್ಟು ಸರಿ?

ಆ ‘ಛೀ’ಯನ್ನು ಮಗು ಶಾಲೆಗಿಂತ ಮೊದಲು ಕಲಿಯುವುದು ಮನೆಯಲ್ಲಿ. ಎರೆಹುಳುವನ್ನು ಅಂಗೈಯಲ್ಲಿ ಹಿಡಿದು ಓಡಿಬರುವ ಕಂದನ ಮುಖದಲ್ಲಿ ಹೇಸಿಗೆಯಿಲ್ಲ, ಬೆರಗಿದೆ. ತಾಯಿ ಚೀರಿದರೆ ಆ ಬೆರಗು ಅಲ್ಲಿಗೇ ಆರಿಹೋಗುತ್ತದೆ. ಮುಂದೆ ಎಷ್ಟು ಪುಸ್ತಕ ಓದಿಸಿದರೂ ಅದು ಮರಳುವುದು ಕಷ್ಟ. ವಿಜಯಪುರ ನಗರದಲ್ಲಿ ಅಂಗಳಗಳಿಗೆ ಕಾಂಕ್ರೀಟು ಬಿದ್ದಿರಬಹುದು. ಆದರೂ ಹೂಕುಂಡದ ಅಡಿಯಲ್ಲಿ, ಚರ್ಚಿನ ಆವರಣದ ಬೇವಿನ ಬುಡದಲ್ಲಿ ಒಂದು ಲೋಕ ಇನ್ನೂ ಬದುಕಿದೆ. ಬರುವ ಭಾನುವಾರ ಪೂಜೆ ಮುಗಿದ ಬಳಿಕ ಮಕ್ಕಳನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ಯಿರಿ. ಇರುವೆಗಳ ಸಾಲಿನ ಮುಂದೆ ಹತ್ತು ನಿಮಿಷ ಕುಳಿತುಕೊಳ್ಳಿ. ಪ್ರಶ್ನೆಗಳನ್ನು ಮಕ್ಕಳೇ ಕೇಳಲಿ. ಶಿಕ್ಷಕರಲ್ಲಿಯೂ ನಮ್ಮ ವಿನಂತಿ ಇಷ್ಟೇ: ಈ ಸಲ ಬೆಂಕಿಪೊಟ್ಟಣವನ್ನು ಎಸೆಯಲು ಹೇಳಬೇಡಿ, ತೆರೆದು ನೋಡೋಣ ಎನ್ನಿ.