ಒಂದೇ ತಪ್ಪು, ನಾಲ್ಕು ಕಾರಣ

ಬೋಧನಾಭ್ಯಾಸದ ಕನ್ನಡ ಪಾಠಗಳಲ್ಲಿ ಉಕ್ತಲೇಖನ ಇದ್ದೇ ಇರುತ್ತದೆ. ಹುಳಿಯಾರು ಸುತ್ತಿನ ಶಾಲೆಗಳಲ್ಲಿ ‘ಹಾಲು’ ಎಂದು ಹೇಳಿ ಬರೆಸಿದರೆ ಕೆಲವರಾದರೂ ‘ಆಲು’ ಎಂದು ಬರೆಯುತ್ತಾರೆ. ಪ್ರಶಿಕ್ಷಣಾರ್ಥಿ ಎಲ್ಲರಿಗೂ ಒಂದೇ ಕೆಂಪು ಗೆರೆ ಎಳೆದು, ಐದು ಸಲ ಬರೆಯಲು ಹೇಳುತ್ತಾರೆ. ಭಾಷಾ ತರಗತಿಯಿಂದ ಮಕ್ಕಳು ದೂರವಾಗುವುದು ಇಲ್ಲಿಂದಲೇ ಎಂಬುದು ನನ್ನ ಅಭಿಪ್ರಾಯ.

ತಪ್ಪು ಒಂದೇ ಆದರೂ ಕಾರಣ ಒಂದೇ ಅಲ್ಲ. ನಮ್ಮ ಹಳ್ಳಿಗಳ ಆಡುಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುವುದು ಸಾಮಾನ್ಯ. ಒಂದು ಮಗು ಮನೆಯಲ್ಲಿ ಆಡುವುದನ್ನೇ ಬರೆದಿರುತ್ತದೆ. ಇನ್ನೊಂದರ ಮನೆಮಾತು ಲಂಬಾಣಿಯೋ ಉರ್ದುವೋ ಆಗಿದ್ದು, ಆ ಪದವೇ ಹೊಸದಿರಬಹುದು. ಮೂರನೆಯದಕ್ಕೆ ಕಿವಿ ಮಂದವಿರಬಹುದು. ನಾಲ್ಕನೆಯದು ಬಾಯಲ್ಲಿ ಸರಿಯಾಗಿ ಹೇಳಿದರೂ ಬರೆಯುವಾಗ ತಡವರಿಸುತ್ತದೆ. ಇದು ನಿರ್ದಿಷ್ಟ ಕಲಿಕಾ ನ್ಯೂನತೆಯ ಸೂಚನೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಇದೂ ಒಂದು.

ಐದು ಸಲ ಬರೆಸುವುದು ಈ ನಾಲ್ವರಲ್ಲಿ ಯಾರಿಗೂ ಮದ್ದಲ್ಲ. ಮೊದಲನೆಯ ಮಗುವಿಗೆ ‘ಆಡು–ಹಾಡು’, ‘ಅಲ್ಲಿ–ಹಲ್ಲಿ’ ಜೋಡಿಗಳಿಂದ ಅರ್ಥ ಬದಲಾಗುವುದನ್ನು ತೋರಿಸೋಣ. ಮನೆಯ ಮಾತನ್ನು ಹೀಗಳೆಯುವುದು ಬೇಡ. ಎರಡನೆಯದರ ಮನೆಯ ಪದವನ್ನು ಕೇಳೋಣ. ನೀರಿಗೆ ಲಂಬಾಣಿಯಲ್ಲಿ ‘ಪಾಣಿ’, ಉರ್ದುವಿನಲ್ಲಿ ‘ಪಾನಿ’. ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದರೆ ನ–ಣ ವ್ಯತ್ಯಾಸದ ಪಾಠ ಇಡೀ ತರಗತಿಗೆ ಸಿಕ್ಕಂತಾಯಿತು. ಮೂರನೆಯದನ್ನು ಮುಂದೆ ಕೂರಿಸಿ, ಮುಖ ಕಾಣುವಂತೆ ನಿಂತು ಹೇಳಬೇಕು. ಕಿವಿಯ ತಪಾಸಣೆ ಮಾಡಿಸುವಂತೆ ಶಾಲೆಯ ಶಿಕ್ಷಕರ ಮೂಲಕ ಪೋಷಕರಿಗೆ ತಿಳಿಸಬೇಕು. ನಾಲ್ಕನೆಯದಕ್ಕೆ ಹೆಚ್ಚು ಸಮಯ ಕೊಡಬೇಕು, ಬಾಯಿಮಾತಿನ ಉತ್ತರಕ್ಕೂ ಬೆಲೆ ಇರಬೇಕು.

ಒಂದು ಅವಧಿಯಲ್ಲಿ ಇಷ್ಟೆಲ್ಲ ಆಗುತ್ತದೆಯೇ ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಒಂದೇ ದಿನ ಆಗಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಇರಬೇಕೆಂದದ್ದು ಇದಕ್ಕಾಗಿಯೇ. ಅಟ್ಟದ ಮೇಲಿನ ಕಾಯಿ ಒಳಗೆ ಕೊಬ್ಬರಿಯಾಯಿತೇ ಎಂದು ಅಲ್ಲಾಡಿಸಿ, ಸದ್ದು ಕೇಳಿ ತಿಳಿಯುವ ಸೀಮೆ ನಮ್ಮದು. ಮಕ್ಕಳ ವಿಷಯದಲ್ಲಿ ಅಷ್ಟೂ ತಾಳ್ಮೆ ಇರದಿದ್ದರೆ ಹೇಗೆ?

ಆದ್ದರಿಂದ ನನ್ನದೊಂದು ಸಲಹೆ. ಪಾಠಯೋಜನೆಯ ಮೌಲ್ಯಮಾಪನ ಹಂತದಲ್ಲಿ ಎರಡು ಅಂಕಣ ಸೇರಲಿ: ಮಗುವಿನ ಮನೆಮಾತು ಮತ್ತು ತಪ್ಪಿಗೆ ಇರಬಹುದಾದ ಕಾರಣ. ಪಾಠ ವೀಕ್ಷಿಸುವ ನಾವೂ ಪೀಠಿಕೆ, ಬೋಧನೋಪಕರಣ, ಕಪ್ಪುಹಲಗೆಯ ಬರಹಕ್ಕೆ ಅಂಕ ಕೊಟ್ಟು ಏಳುವುದು ಬೇಡ. ‘ಈ ಮಗು ಹೀಗೇಕೆ ಬರೆಯಿತು?’ ಎಂದು ಕೇಳಿ, ಆ ಉತ್ತರಕ್ಕೂ ಅಂಕ ಕೊಡೋಣ.