ಮೌನವೂ ಕಳ್ಳ ತಕ್ಕಡಿಯೇ

ಕಳೆದ ದಶಲಕ್ಷಣ ಪರ್ವದ ಉತ್ತಮ ಶೌಚದ ದಿನ. ಲೋಭತ್ಯಾಗದ ಪ್ರವಚನ ಮುಗಿಸಿ ಹೊರಬಂದ ಕೋಪರಖೈರಣೆಯ ಕೆಲವು ಶ್ರಾವಕರು ಕಾಲೇಜು ಓದುವ ಹುಡುಗನೊಬ್ಬನ ಬೆನ್ನು ತಟ್ಟುತ್ತಿದ್ದರು. ಅವನು ನನ್ನ ಅಣ್ಣನ ಮಗ. ಅವನ ಸಾಧನೆ ಇಷ್ಟೇ: ಕೌಂಟರ್ ಸ್ಟ್ರೈಕ್ ಆಟದಲ್ಲಿ ಬಂದೂಕಿಗೆ ತೊಡಿಸುವ ಬಣ್ಣದ ಹೊದಿಕೆಯೊಂದನ್ನು, ಆಡುವವರ ಮಾತಿನಲ್ಲಿ ‘ಸ್ಕಿನ್’ ಒಂದನ್ನು, ತಮ್ಮ ಸೊಸೈಟಿಯ ಎಂಟನೆಯ ತರಗತಿಯ ಬಾಲಕನಿಂದ ₹800ಕ್ಕೆ ಕೊಂಡು ಆಮೇಲೆ ₹5,000ಕ್ಕೆ ಮಾರಿದ್ದ. “ವ್ಯಾಪಾರ ನಮ್ಮ ರಕ್ತದಲ್ಲೇ ಇದೆ” ಎಂದರು ಹಿರಿಯರೊಬ್ಬರು. ಎಲ್ಲರೂ ನಕ್ಕರು. ಲೆಕ್ಕಪರಿಶೋಧಕನಾದ ನಾನೂ ನಕ್ಕೆ.

ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ಸ್ಟೀಮ್ ಮಾರುಕಟ್ಟೆಯಲ್ಲಿ ಅಂದು ಆ ಸ್ಕಿನ್ನಿನ ಕನಿಷ್ಠ ದರ ₹6,900. ಮಾರುವವನ ಪಾಲಿನ ಮೇಲೆ ಶೇಕಡಾ 15ರ ಶುಲ್ಕ ₹900 ಕಳೆದರೆ ಉಳಿಯುವುದು ₹6,000. ಆ ಹಣ ಸ್ಟೀಮಿನ ವಾಲೆಟ್‌ನಲ್ಲಿಯೇ ಉಳಿಯುತ್ತದೆ, ಬ್ಯಾಂಕಿಗೆ ಬರುವುದಿಲ್ಲ. ಆದುದರಿಂದ ನಗದು ಬೇಕಾದವನು ಹೊರಗೆ ತುಸು ಕಡಿಮೆಗೆ ಮಾರುವುದು ಸಹಜ. ₹5,000 ಅಂತಹ ದರ. ಹಾಗಾದರೆ ನಡುವಿನ ₹4,200 ಏನು? ಅದು ಶ್ರಮದ ಫಲವಲ್ಲ, ನಷ್ಟದ ಭಯ ಹೊತ್ತುದಕ್ಕೆ ಪ್ರತಿಫಲವೂ ಅಲ್ಲ. ಒಂದು ಮಗುವಿನ ಅರಿಯದಿರುವಿಕೆಗೆ ನಾವು ಕಟ್ಟಿದ ಬೆಲೆ ಅದು. “ಎಷ್ಟು ಬಾಳುತ್ತದೆ ಅಣ್ಣಾ?” ಎಂದು ಬಾಲಕ ಕೇಳಿದ್ದನಂತೆ. ದರವನ್ನು ಆಗಲೇ ನೋಡಿಕೊಂಡಿದ್ದ ನಮ್ಮ ಹುಡುಗ “ನೀನೇ ಹೇಳು” ಎಂದನಂತೆ. ಅವನು ಸುಳ್ಳು ಹೇಳಲಿಲ್ಲ, ಹೇಳಬೇಕಾದುದನ್ನು ಹೇಳಲಿಲ್ಲ.

“ಒಪ್ಪಿಯೇ ಕೊಟ್ಟನಲ್ಲ?” ಎನ್ನುವವರಿದ್ದಾರೆ. 1872ರ ಕರಾರು ಕಾಯಿದೆಯ 11ನೆಯ ಕಲಮಿನಂತೆ ಅಪ್ರಾಪ್ತ ವಯಸ್ಕನಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯೇ ಇಲ್ಲ. ಅವನ ಒಪ್ಪಂದ ಮೊದಲಿನಿಂದಲೇ ಶೂನ್ಯವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿಯೇ ತೀರ್ಪಿತ್ತಿದೆ. ಮಾರುವವನು ವಯಸ್ಕನಾಗಿದ್ದರೆ? ಅದೇ ಕಾಯಿದೆಯ 17ನೆಯ ಕಲಮು, ಮಾತನಾಡುವ ಕರ್ತವ್ಯವಿಲ್ಲದ ಕಡೆ ಬರಿಯ ಮೌನವನ್ನು ವಂಚನೆ ಎನ್ನುವುದಿಲ್ಲ. ಕಾನೂನು ಅಲ್ಲಿಗೆ ನಿಲ್ಲುತ್ತದೆ. ಶ್ರಾವಕನ ಧರ್ಮವೂ ಅಲ್ಲಿಯೇ ನಿಲ್ಲಬೇಕೆ?

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ ಒಂದು: ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು. ಬಾಲಕನಿಂದ ಕೊಳ್ಳುವಾಗ ₹800ರ ತಕ್ಕಡಿ, ಬಲ್ಲವನಿಗೆ ಮಾರುವಾಗ ₹5,000ದ ತಕ್ಕಡಿ. ಕಲ್ಲು ಬದಲಾಗಲಿಲ್ಲ, ಅಳೆಯುವವನ ನಾಲಗೆ ಬದಲಾಯಿತು. ಗೃಹಸ್ಥನ ಗುಣಗಳನ್ನು ಎಣಿಸುವಾಗ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ನ್ಯಾಯಾರ್ಜಿತ ಧನವನ್ನೇ ಮೊದಲಿಗಿಟ್ಟರು. ನಾವು ಕಂದಮೂಲದ ವಿಚಾರದಲ್ಲಿ ತೋರುವ ಎಚ್ಚರದ ಕಾಲುಭಾಗವನ್ನಾದರೂ ಇದರಲ್ಲಿ ತೋರಿದ್ದೇವೆಯೇ?

“ಅದು ಕೇವಲ ಆಟ, ಒಂದು ಚಿತ್ರ” ಎಂಬುದು ಇನ್ನೊಂದು ಸಮಾಧಾನ. ಚಿತ್ರ ನಿಜವಲ್ಲದಿರಬಹುದು, ಯುಪಿಐ ಮೂಲಕ ಬಂದ ಹಣ ನಿಜ. ರೈತನ ಈರುಳ್ಳಿಯ ವಿಷಯದಲ್ಲಿ ನಡೆದದ್ದೂ ಇದೇ. ರುಮಾಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ಪದ್ಧತಿಯಲ್ಲಿ ಮಾಲಿನ ಒಡೆಯನಿಗೇ ದರ ತಿಳಿಯುತ್ತಿರಲಿಲ್ಲ. ಇಂತಹ ಅನ್ಯಾಯಗಳನ್ನು ಕಂಡೇ 1928ರಲ್ಲಿ ರಾಯಲ್ ಕೃಷಿ ಆಯೋಗ ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿತು. ನಮ್ಮ ಪಕ್ಕದ ವಾಶಿಯ ಎಪಿಎಂಸಿ ಆ ವಿಚಾರದ ಸಂತಾನ. ಅಲ್ಲಿ ಗಾಳಾ ಇಟ್ಟುಕೊಂಡವರ ಮಕ್ಕಳು ಆ ರುಮಾಲನ್ನು ಈಗ ಮೊಬೈಲಿನ ಮೇಲೆ ಹೊದಿಸುತ್ತಿದ್ದಾರೆ.

ತಿಳಿವಳಿಕೆಗೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ನಾನು ಬದುಕುತ್ತಿರುವುದೇ ಅದರಿಂದ. ಆದರೆ ನನ್ನ ಶುಲ್ಕವನ್ನು ಕಕ್ಷಿದಾರನಿಗೆ ಮೊದಲೇ ತಿಳಿಸುತ್ತೇನೆ. ಹುಡುಗ “ಇದಕ್ಕೆ ಹೊರಗೆ ₹5,000 ಬರುತ್ತದೆ, ಮಾರಿಸಿ ಕೊಡುತ್ತೇನೆ, ನನಗೆ ₹500 ಇರಲಿ” ಎಂದಿದ್ದರೆ ಅದು ನಿಷ್ಕಳಂಕ ವ್ಯಾಪಾರ. ಇಬ್ಬರು ಬಲ್ಲವರು ಚೌಕಾಶಿ ಮಾಡಲಿ, ಯಾರ ಆಕ್ಷೇಪವೂ ಇಲ್ಲ. ಅರಿಯದವನ ಮುಂದೆ ಮಾತ್ರ ಮೌನ ಅಪರಾಧವಾಗುತ್ತದೆ.

ಹುಡುಗನಿಗಿಂತ ದೊಡ್ಡ ತಪ್ಪು ಬೆನ್ನು ತಟ್ಟಿದ ನಮ್ಮದು. ಪಾಠಶಾಲೆಗಳಲ್ಲಿ ವ್ರತಗಳ ಹೆಸರನ್ನು ಬಾಯಿಪಾಠ ಮಾಡಿಸುವ ನಾವು, ಮೊಬೈಲಿನೊಳಗೆ ಅಚೌರ್ಯ ಹೇಗಿರುತ್ತದೆ ಎಂಬುದನ್ನೂ ಕಲಿಸಬೇಕು. ಕೊಳ್ಳುವ ಮೊದಲು ದರ ತೋರಿಸು; ಬಾಲಕನಾದರೆ ಅವನ ತಂದೆತಾಯಿಯನ್ನು ಕೇಳು; ತಪ್ಪಿದ್ದರೆ ವ್ಯತ್ಯಾಸವನ್ನು ಹಿಂದಿರುಗಿಸು.

ಅಣ್ಣನ ಮಗನಿಗೆ ಇದನ್ನೇ ಹೇಳಿದ್ದೇನೆ. ಅವನಿನ್ನೂ ಒಪ್ಪಿಲ್ಲ, ಅಣ್ಣನೂ ಮುನಿಸಿಕೊಂಡಿದ್ದಾನೆ. ಕ್ಷಮಾವಾಣಿಯ ದಿನ ಆ ಹುಡುಗ ಬಾಲಕನಿಗೂ ಕೈಮುಗಿದ ಚಿತ್ರದ ಸಂದೇಶ ಕಳುಹಿಸಿದ್ದನಂತೆ. ₹4,200 ಮಾತ್ರ ಇನ್ನೂ ಅವನ ಖಾತೆಯಲ್ಲಿಯೇ ಇದೆ.