ಮೆಣಸಿನ ಗೋದಾಮಿನಲ್ಲಿ ನೀರಿನ ಸುಳಿ

ಒಂಬತ್ತನೇ ತರಗತಿಯ ಮಕ್ಕಳನ್ನು ಕೊಚ್ಚಿಗೆ ಕರೆದೊಯ್ಯುತ್ತೇನೆ ಎಂದಾಗ ಪೋಷಕರ ಸಭೆಯಲ್ಲಿ ಮೊದಲು ಎದ್ದ ಪ್ರಶ್ನೆ, 'ಅಲ್ಲಿ ನೋಡಲಿಕ್ಕೆ ಎಂಥ ಉಂಟು ಸರ್?' ಎಂಬುದು. 'ಹಳೆಯ ಗೋದಾಮು' ಎಂದೆ. ಎಲ್ಲರೂ ನಕ್ಕರು. ಪಾಳುಬಿದ್ದ ಗೋದಾಮು ಕುಂದಾಪುರದಲ್ಲೇ ಬೇಕಾದಷ್ಟಿದೆಯಲ್ಲ, ಅದಕ್ಕೆ ರೈಲು ಹತ್ತಬೇಕೆ ಎಂದರು ಒಬ್ಬರು. ಅವರ ಮಾತು ಸುಳ್ಳಾಗಿರಲಿಲ್ಲ.

ಅದು 2015ರ ಜನವರಿ. ರಾತ್ರಿಯ ರೈಲಿನಲ್ಲಿ ಎರ್ನಾಕುಲಂ ತಲುಪಿ, ದೋಣಿಯಲ್ಲಿ ಹಿನ್ನೀರು ದಾಟಿ ಫೋರ್ಟ್ ಕೊಚ್ಚಿಗೆ ಇಳಿದೆವು. ದಡದಲ್ಲೇ ಇದೆ ಆಸ್ಪಿನ್‌ವಾಲ್ ಹೌಸ್. 1867ರಲ್ಲಿ ಜಾನ್ ಆಸ್ಪಿನ್‌ವಾಲ್ ಎಂಬ ಇಂಗ್ಲಿಷ್ ವ್ಯಾಪಾರಿ ಕಟ್ಟಿದ ಕಂಪನಿಯದು. ತೆಂಗಿನೆಣ್ಣೆ, ಕಾಳುಮೆಣಸು, ಶುಂಠಿ, ಅರಿಸಿನ, ಮರಮಟ್ಟು ಇಲ್ಲಿಂದ ಹಡಗು ಹತ್ತುತ್ತಿದ್ದವು. ಇದೇ ಕಂಪನಿ ಮಂಗಳೂರಿನಲ್ಲಿ ಕಾಫಿ ಸಂಸ್ಕರಣೆಯನ್ನೂ ನಡೆಸಿತ್ತು. ಕಾಲಕ್ರಮದಲ್ಲಿ ಬಂದರು ವಿಲ್ಲಿಂಗ್ಡನ್ ದ್ವೀಪಕ್ಕೆ ಹೋಯಿತು, ಸರಕು ಕಂಟೈನರಿಗೆ ಸೇರಿತು. ದಡದ ಗೋದಾಮುಗಳು ಖಾಲಿಯಾದವು. 2012ರ ಡಿಸೆಂಬರ್ 12ರಂದು ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಇವರ ಮುಂದಾಳ್ತನದಲ್ಲಿ ಕೊಚ್ಚಿ-ಮುಝಿರಿಸ್ ಬಿನಾಲೆ ಶುರುವಾದಾಗ ಅವುಗಳ ಬಾಗಿಲು ಮತ್ತೆ ತೆರೆಯಿತು. ಬಿನಾಲೆ ಎಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನ. ಕೋವಿಡ್ ಕಾಲದಲ್ಲಿ ಆ ಲೆಕ್ಕ ತಪ್ಪಿ, 2020ರದು 2022ಕ್ಕೆ ಜಾರಿತು.

ನಾವು ಹೋದ ಸಲದ್ದು ವಿಜ್ಞಾನದ ಮೇಷ್ಟ್ರಿಗೆಂದೇ ಮಾಡಿದಂತಿತ್ತು. ಕ್ಯುರೇಟರ್ ಜಿತೀಶ್ ಕಲ್ಲಾಟ್ ಎರಡು ಎಳೆ ಹಿಡಿದಿದ್ದರು: ಒಂದು, ಕಡಲಯಾನದ ಕಾಲ; ಇನ್ನೊಂದು, ಪೈ ಬೆಲೆಗೆ ಅನಂತ ಶ್ರೇಣಿ ಕಂಡುಹಿಡಿದ ಸಂಗಮಗ್ರಾಮದ ಮಾಧವನ ಕೇರಳ ಗಣಿತ ಪರಂಪರೆ. ಆದರೆ ಮಕ್ಕಳು ಮುಗಿಬಿದ್ದದ್ದು ಅನೀಶ್ ಕಪೂರ್ ಅವರ 'ಡಿಸೆನ್ಶನ್' ಮುಂದೆ. ಸಮುದ್ರದ ಕಡೆಗಿನ ಒಂದು ಕೋಣೆ. ನೆಲದಲ್ಲಿ ದುಂಡನೆಯ ಹೊಂಡ. ಅದರೊಳಗೆ ಕಪ್ಪು ನೀರು ಗುಡುಗುಡು ಸದ್ದು ಮಾಡುತ್ತ ಬಿಡದೆ ಸುತ್ತುತ್ತಿದೆ. ನಡುವೆ ಆಳವಾದ ಸುಳಿ. ಕಿಟಕಿಯಾಚೆಗೆ ಏನೂ ಗೊತ್ತಿಲ್ಲದಂತೆ ಮಲಗಿದ ನೀರು.

'ಇದು ಎಲ್ಲಿಗೆ ಹೋಗುತ್ತೆ ಸರ್?' ಎಂದಳೊಬ್ಬಳು. ಎಲ್ಲಿಗೂ ಹೋಗುವುದಿಲ್ಲ. ಕೆಳಗಿನ ಯಂತ್ರ ನೀರನ್ನು ತಿರುಗಿಸುತ್ತದೆ. ಸುತ್ತುವ ಪ್ರತಿಯೊಂದು ಹನಿಗೂ ನೇರ ಓಡಿಹೋಗುವ ಆಸೆ. ಅದನ್ನು ಒಳಕ್ಕೆ ಎಳೆದು ಹಿಡಿಯಲು ಒಂದು ಬಲ ಬೇಕು. ಅದು ಸಿಗುವುದು ಅಂಚಿನಲ್ಲಿ ಏರಿನಿಂತ ನೀರಿನ ಒತ್ತಡದಿಂದ. ಆದ್ದರಿಂದಲೇ ಅಂಚು ಎತ್ತರ, ನಡು ತಗ್ಗು. ಮನೆಯಲ್ಲಿ ಲೋಟದ ಕಾಫಿಯನ್ನು ಚಮಚದಿಂದ ಜೋರಾಗಿ ಕಲಕಿ ನೋಡಿ, ಅದೇ ಸುಳಿ. ನಾನು ಇಷ್ಟನ್ನು ಕಪ್ಪು ಹಲಗೆಯ ಮೇಲೆ ಹಲವು ವರ್ಷ ಬರೆದಿದ್ದೇನೆ. ಆ ಹೊಂಡದ ಅಂಚಿನಲ್ಲಿ ನಿಂತಾಗ ಮಾತ್ರ ನನಗೂ ಕಾಲು ನಡುಗಿತು.

ಒಬ್ಬ ಹುಡುಗ ಸುಳಿಯತ್ತ ಬರಲೇ ಇಲ್ಲ. ಪಕ್ಕದ ದೊಡ್ಡ ಹಾಲಿನಲ್ಲಿ ಕತ್ತೆತ್ತಿ ಮಾಡನ್ನೇ ನೋಡುತ್ತಿದ್ದ. 'ಇಲ್ ಕಾಣಿ ಸರ್, ಇದ್ ನಮ್ ಹಂಚೇ ಅಲ್ದಾ?' ಎಂದ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಪಶ್ಚಿಮ ಕರಾವಳಿಯ ಉದ್ದಕ್ಕೂ ಹರಡಿದ, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹಂಚು. ಇವು ಕೇರಳದ ಯಾವುದೋ ಗೂಡಿನಲ್ಲಿ ಬೆಂದವೂ ಇರಬಹುದು, ಆದರೆ ಜಾತಿ ಅದೇ. ಅವನ ಅಪ್ಪ ನಮ್ಮ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಗೂಡಿಗೆ ಬೆಂಕಿ ಹಾಕುವ ಕೆಲಸದಲ್ಲಿದ್ದವರು. ಕಾರ್ಖಾನೆ ಮುಚ್ಚಿ ಎರಡು ಮಳೆಗಾಲ ಕಳೆದಿತ್ತು. 'ಅಲ್ಲೂ ಹೀಂಗೇ ಮಾಡ್ ಇತ್ ಸರ್. ಈಗ ಸೋರತ್ತ್' ಎಂದ.

ಹುಡುಗ ನೋಡಿದ್ದು ಸರಿಯಾದದ್ದನ್ನೇ. ಕಲಾವಿದರಿಗೆ ಈ ಗೋದಾಮು ಒಗ್ಗಿದ್ದು ಕಾಕತಾಳೀಯವಲ್ಲ. ಮೆಣಸಿಗೆ ತೇವ ತಾಗಿದರೆ ಬೂಸ್ಟು ಹಿಡಿಯುತ್ತದೆ. ಅದಕ್ಕೇ ದಪ್ಪ ಗೋಡೆ, ಎತ್ತರದ ಮಾಡು. ಬಿಸಿಗಾಳಿ ಮೇಲೇರಿ ಹಂಚಿನ ಸಂದಿಯಿಂದ ಹೊರಟುಹೋಗುತ್ತದೆ. ಮೂಟೆ ಪೇರಿಸಲು ಬೇಕೆಂದು ಒಳಗೆ ಅಡ್ಡಗೋಡೆ ಕಡಿಮೆ. 2016ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ ಕ್ಯುರೇಟರ್ ಆಗಿದ್ದಾಗ, ಚಿಲಿ ದೇಶದ ಕವಿ ರೌಲ್ ಜುರಿತಾ ಇದೇ ಆಸ್ಪಿನ್‌ವಾಲ್‌ನ ಒಂದು ಹಾಲಿಗೆ ಸಮುದ್ರದ ನೀರನ್ನೇ ತುಂಬಿಸಿದರು. ಸಿರಿಯಾದಿಂದ ಓಡಿಬರುತ್ತ ಕಡಲಲ್ಲಿ ಸತ್ತ ಪುಟ್ಟ ಹುಡುಗನೊಬ್ಬನ ನೆನಪಿಗೆ. ಜನ ನೀರಲ್ಲಿ ಕಾಲಿಟ್ಟು ನಡೆದೇ ಅದನ್ನು ನೋಡಬೇಕಿತ್ತು. ಟೈಲ್ಸ್ ಹಾಸಿದ ಹೊಸ ಸಭಾಭವನದಲ್ಲಿ ಇದಕ್ಕೆಲ್ಲ ಅನುಮತಿ ಸಿಕ್ಕೀತೇ?

ಮಧ್ಯಾಹ್ನ ಮಟ್ಟಾಂಚೇರಿಯತ್ತ ನಡೆದೆವು. ಪೆಪ್ಪರ್ ಹೌಸ್ ಎಂಬ ಮೆಣಸಿನ ಗೋದಾಮಿನಲ್ಲಿ ಈಗ ಕೆಫೆ, ಅಂಗಳ, ಪ್ರದರ್ಶನ. ದಾರಿಯ ಗೋಡೆಗಳ ಮೇಲೆ ಚಿತ್ರಗಳು. ಜ್ಯೂ ಟೌನಿನಲ್ಲಿ ಹಳೆಯ ಸಾಮಾನಿನ ಅಂಗಡಿಗಳ ಸಾಲು. ನಮ್ಮ ಅಜ್ಜಿಯಂದಿರ ಕಾಲದ ಕೊಪ್ಪರಿಗೆಗೆ ಅವರು ಹೇಳುವ ಬೆಲೆ ಕೇಳಿ ನಾನು ಮಾತಾಡದೆ ಹೊರಬಂದೆ. ಬಜಾರ್ ರಸ್ತೆಯ ಕೆಲವು ಗೋದಾಮುಗಳಲ್ಲಿ ಇನ್ನೂ ಮೂಟೆ ಇಳಿಯುತ್ತಿತ್ತು. ತಲೆಗೆ ಬಟ್ಟೆ ಸುತ್ತಿದ ಹಮಾಲಿಗಳು ಫೋಟೋ ತೆಗೆಯುವವರನ್ನು ಬಳಸಿಕೊಂಡು ಹೋಗುತ್ತಿದ್ದರು. ಕೆಫೆಯ ಗಾಜಿನ ಲೋಟ ಬಂದ ಕಡೆ ಇವರಿಗೆ ಎಷ್ಟು ದಿನ ಜಾಗ ಉಳಿದೀತು ಎಂಬ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಕಟ್ಟಡ ಉಳಿಯುವುದು ಒಂದು, ಅದರಲ್ಲಿ ದುಡಿದವರ ಹೆಸರು ಉಳಿಯುವುದು ಇನ್ನೊಂದು.

ಊರಿಗೆ ಬಂದ ಮೇಲೆ ಒಂದು ಶನಿವಾರ ಟೇಪು ಹಿಡಿದು ಆ ಮುಚ್ಚಿದ ಕಾರ್ಖಾನೆಗೆ ಹೋದೆವು. ಕೋಲಿನ ನೆರಳು, ಚಿಮಣಿಯ ನೆರಳು ಎರಡನ್ನೂ ಅಳೆದು ಚಿಮಣಿಯ ಎತ್ತರ ಲೆಕ್ಕ ಹಾಕಿದೆವು. ಸಮರೂಪ ತ್ರಿಭುಜದ ಪಾಠ ಅಷ್ಟು ಬೇಗ ಮುಗಿದದ್ದು ಅದೇ ಮೊದಲು. ಹುಡುಗನ ಅಪ್ಪನನ್ನೂ ಕರೆದಿದ್ದೆ. ಮೊದಲು ದೂರವೇ ನಿಂತಿದ್ದರು. ಹಸಿ ಹಂಚು ಯಾಕೆ ನಿಧಾನವಾಗಿಯೇ ಒಣಗಬೇಕು ಎಂದು ಒಬ್ಬ ಕೇಳಿದ ನೋಡಿ, ಗೂಡಿನ ಬಾಯಿಗೆ ಬಂದು ಮಾತು ಶುರುಮಾಡಿದರು. ಹೊರಮೈ ಬೇಗ ಒಣಗಿ ಕುಗ್ಗಿದರೆ ಒಳಗಿನ ಹಸಿಗೆ ಸರಿಯಾಗದೆ ಬಿರುಕು ಬಿಡುತ್ತದೆ. ಬೆಂಕಿಯ ಬಣ್ಣ ನೋಡಿಯೇ ಕಾವು ಹೇಳಬೇಕು. ಚಿಮಣಿ ಎಳೆಯದಿದ್ದರೆ ಸೌದೆ ಎಷ್ಟು ಹಾಕಿದರೂ ಹೊಗೆಯೇ. ಒಂದು ಗಂಟೆ ಹೇಳಿದರು. ನಾನೂ ಟಿಪ್ಪಣಿ ಬರೆದುಕೊಂಡೆ.

ಆ ಮಾಡು ಈಗಿಲ್ಲ. ಮರಮುಟ್ಟು ಹರಾಜಾಗಿ ಲಾರಿ ಹತ್ತಿತು. ಮಕ್ಕಳು ಆ ದಿನ ಅಳೆದು ಬರೆದ ನಕ್ಷೆ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿದೆ. ನಿಮ್ಮೂರಿನಲ್ಲಿ ಇಂಥದ್ದೊಂದು ಚಿಮಣಿ ಇನ್ನೂ ನಿಂತಿದ್ದರೆ, ಬಿಸಿಲಿರುವ ಒಂದು ರಜಾದಿನ ಕೋಲು, ಟೇಪು ಹಿಡಿದು ಹೋಗಿ. ಅಲ್ಲಿ ದುಡಿದವರೊಬ್ಬರನ್ನು ಜೊತೆಗೆ ಕರೆಯಲು ಮರೆಯಬೇಡಿ.